ಸ್ಟಿಕರ್ ಸೇಠ್‌ಗೆ ನಾನೊಬ್ಬಳೇ ಹೇಳಿದ ‘ಬೇಡ’

—ಸೇಠ್ ಬಂದದ್ದು ದೀಪಾವಳಿಗೆ ಮುಂಚೆಯೇ ಇರಬೇಕು. ಅಥವಾ ಆಮೇಲೆ. ಈಗ ಖಚಿತವಿಲ್ಲ, ನೆನಪು ತನಗೆ ಅನುಕೂಲವಾದ ಹಬ್ಬವನ್ನು ಆರಿಸಿಕೊಳ್ಳುತ್ತದೆ. ಆದರೆ ನಾನು ಸುಳ್ಳು ಹೇಳಿದ್ದು ಖಚಿತ. ‘ಹಣ ಕೊಡುವವರು ಬೇರೆ ಯಾರೂ ಇಲ್ಲ, ನೀವು ಕೊಡದಿದ್ದರೆ ಸೈಟು ಮುಚ್ಚುತ್ತದೆ’ ಎಂದು ನಿಮಗೆಲ್ಲ ಬರೆದೆನಲ್ಲ, ಸರೋಜಕ್ಕಾ — ಕೊಡುವವನಿದ್ದ. ಅವನನ್ನು ನಾನೇ ಬಾಗಿಲಿನಿಂದ ವಾಪಸು ಕಳಿಸಿದ್ದೆ.

ಸೈಟು ಎಂದರೆ ನಮ್ಮ ಚುಕ್ಕಿ ರಂಗೋಲಿಯ ವೆಬ್‌ಸೈಟು. ಗಂಡನಿಗೆ ಬ್ಯಾಂಕಿನ ವರ್ಗವಾಗಿ ಮಣಿನಗರಕ್ಕೆ ಬಂದವಳು, ಹೊತ್ತು ಹೋಗದೆ ಶುರುಮಾಡಿದ್ದು. ವಡೋದರಾದಿಂದ, ಸೂರತ್ತಿನಿಂದ ನಮ್ಮ ಕಡೆಯ ಹೆಂಗಸರು ಫ್ಲ್ಯಾಟಿನ ಬಾಗಿಲಲ್ಲಿ ಬರೆದದ್ದರ ಫೋಟೋ ಕಳಿಸುತ್ತಿದ್ದರು. ನನ್ನದು ಒಂದೇ ಹಟ: ಮುಗಿದ ರಂಗೋಲಿಯಷ್ಟೇ ಸಾಲದು, ಗೆರೆ ಎಳೆಯುವ ಮುಂಚಿನ ಬರೀ ಚುಕ್ಕಿಗಳ ಫೋಟೋವೂ ಬೇಕು. ನೋಡಿದವರು ಕೂತು ಬರೆಯಬೇಕು.

ಅದೇ ಆ ಸೇಠ್‌ಗೆ ತೊಡಕಾದದ್ದು. ಸೂರತ್ತಿನಲ್ಲಿ ಅವನದು ಸ್ಟಿಕರ್ ರಂಗೋಲಿಯ ವ್ಯಾಪಾರ. “ಬೆಹೆನ್‌ಜೀ, ಸೈಟಿನ ಖರ್ಚೆಲ್ಲ ನನ್ನದು,” ಎಂದ ಹಿಂದಿಯಲ್ಲಿ. “ಚುಕ್ಕಿ ಫೋಟೋ ಮಾತ್ರ ಸೈಟಿನಿಂದ ತೆಗೆದುಹಾಕಿ. ಎಲ್ಲರೂ ಬರೆಯೋಕೆ ಕೂತರೆ ನನ್ನ ಸ್ಟಿಕರ್ ಯಾರು ಕೊಳ್ತಾರೆ?”

“ಅದನ್ನು ನಿಮ್ಮ ಬಾಗಿಲಿಗೇ ಅಂಟಿಸಿಕೊಳ್ಳಿ ಸೇಠ್‌ಜೀ,” ಎಂದೆ. ಎಂದೆನೇ? ಈ ಮಾತು ಬರಬರುತ್ತಾ ಹರಿತವಾಗಿದೆ. ಆವತ್ತು ಬಹುಶಃ ಬರೀ ‘ನಹೀ’ ಎಂದು ಕದ ಹಾಕಿಕೊಂಡಿದ್ದೆ.

ನಿಮ್ಮನ್ನೆಲ್ಲ ಕೇಳಬೇಕಿತ್ತು. ಕೇಳಲಿಲ್ಲ — ನೀವು ಹೂಂ ಎಂದುಬಿಟ್ಟರೆ ಎಂಬ ಭಯ. ‘ಕೊಟ್ರೆ ತಗೊಳ್ಳಿ, ನಮ್ಮ ಗಂಟೇನು ಹೋಗುತ್ತೆ?’ ಎನ್ನುವವರು ನಮ್ಮಲ್ಲೇ ಇದ್ದರು. ಹಾಗಾಗಿ ಬೇಡ ಎಂದವಳು ನಾನೊಬ್ಬಳು. ಅದರ ಬೆಲೆ ತೆತ್ತವರು ನೀವೆಲ್ಲ.

ಸೂರತ್ತಿನ ಉಧ್ನಾದಿಂದ ನಿಮ್ಮ ಫೋನು ಬಂತು, ಸರೋಜಕ್ಕಾ. ಅಕ್ಕಪಕ್ಕದ ಮನೆಗಳಿಗೆ ಜೋಳದ ರೊಟ್ಟಿ ತಟ್ಟಿ ಕೊಟ್ಟು ಕೂಡಿಸಿದ ನಿಮ್ಮದೇ ದುಡ್ಡು, ಹುಬ್ಬಳ್ಳಿಗೆ ಹೋಗಿ ಅಕ್ಕನ ಹತ್ತಿರ ಇದ್ದು ಬರಲೆಂದು ಇಟ್ಟದ್ದು. ನಿಮ್ಮ ಕೈಹಿಡಿದು ರಂಗೋಲಿ ಬರೆಸಿದ ಅಕ್ಕ.

“ಮಾರಿ ಸಣ್ಣದು ಮಾಡಬ್ಯಾಡ ತಂಗಿ, ಕಳಸ್ತೀನಿ,” ಎಂದಿರಿ. “ಅಕ್ಕ ಏನು ಓಡಿ ಹೋಗ್ತಾಳನು? ಬರೂ ವರ್ಷ ಹೋದ್ರಾತು. ಸೈಟು ಬಂದ್ ಆದ್ರ ನಾವೆಲ್ಲ ಎಲ್ಲಿ ಕೂಡೂದು, ಹೇಳು?”

ನಾಲಿಗೆಯ ತುದಿಯಲ್ಲಿತ್ತು — ಬೇಡಕ್ಕಾ, ಹೋಗಿಬನ್ನಿ. “ತುಂಬಾ ಉಪಕಾರ ಆಯ್ತು,” ಎಂದೆ.

ಮರುವರ್ಷ ನೀವು ಹೋದಾಗ ಅಕ್ಕನಿಗೆ ಮರೆವು ಕವಿದಿತ್ತು. “‘ಯಾರ ಮನಿಯವ್ರವಾ ನೀವು?’ ಅಂತ ಕೇಳಿದ್ಲು ನೋಡು, ನಾಷ್ಟಾ ಮಾಡೀರೇನು ಅಂತನೂ ಕೇಳಿದ್ಲು, ಬೀಗರ ಮನಿಗೆ ಬಂದಂಗಾತು,” ಎಂದು ಫೋನಿನಲ್ಲಿ ನಕ್ಕಿರಿ. ನಾನೂ ನಕ್ಕೆ. ಆ ನಗೆಯೊಂದು ನನಗೆ ಸರಿಯಾಗಿ ನೆನಪಿದೆ — ನೆನಪಿರಬಾರದಿತ್ತು.

ಈಗ ಕೇಳಿ. ಅವನನ್ನು ಕಳಿಸಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಾಳೆ ಇನ್ನೊಬ್ಬ ಬಂದರೂ ಕಳಿಸುತ್ತೇನೆ. ಹಣ ಕೊಟ್ಟು ನಮ್ಮ ಕೈಯನ್ನು ಸುಮ್ಮನಿರಿಸಲು ಬಂದವನು ಅವನು. ನಿಮ್ಮ ರೊಟ್ಟಿಯ ದುಡ್ಡಿನಲ್ಲಿ ನಡೆದ ಸೈಟನ್ನು ನೋಡಿ ಎಷ್ಟೋ ಹುಡುಗಿಯರು, ಕನ್ನಡ ಓದಲು ಬಾರದವರೂ, ಚುಕ್ಕಿ ಇಟ್ಟು ಬರೆದಿದ್ದಾರೆ. ಅದರಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ನಿಮ್ಮಿಂದ ಮುಚ್ಚಿಟ್ಟದ್ದು ತಪ್ಪು. ಆ ತಪ್ಪಿಗೆ ಸೈಟಿನ ಒಳ್ಳೆಯತನವನ್ನು ಅಡ್ಡ ಹಿಡಿಯುವುದಿಲ್ಲ. ಇದನ್ನು ಮುಖಪುಟದಲ್ಲೇ ಹಾಕುತ್ತಿದ್ದೇನೆ. ಕೊಟ್ಟದ್ದನ್ನು ವಾಪಸು ಕೇಳುವವರು ಕೇಳಲಿ, ಬೈಯುವವರು ಬೈಯಲಿ.

ನೀವು ಏನನ್ನುತ್ತೀರೋ — ಅದನ್ನು ಊಹಿಸಲು ಹೋಗುವುದಿಲ್ಲ, ಊಹಿಸಿದರೆ ನನಗೆ ಬೇಕಾದದ್ದನ್ನೇ ಹೇಳಿಸಿಬಿಡುತ್ತೇನೆ. ಆ ವರ್ಷವೇ ಹೋಗಿದ್ದರೆ ಅಕ್ಕ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದರೇ? ಗೊತ್ತಿಲ್ಲ. ನಿಮಗೂ ಗೊತ್ತಾಗದ ಹಾಗೆ ಮಾಡಿದವಳು ನಾನು.