ಸಾಲಿನ ಕೊನೆಯ ಬಾಟಲಿ

ನಾನು ನೀರನ್ನು ಮೂಸಿ ನೋಡಿ ಕುಡಿಯುವವಳು. ಇದು ಮರ್ಯಾದಸ್ಥರ ಲಕ್ಷಣವಲ್ಲವೆಂದು ನನಗೂ ಗೊತ್ತು. ಮೊನ್ನೆ ಕುಂಬ್ರದಲ್ಲಿ ಮಾವನ ತಂಗಿಯ ಮಗನ ಹೊಸ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ. ಅವನ ಹೆಂಡತಿ ವಿದ್ಯಾ ಬಂದವರಿಗೆಲ್ಲ ಬೆಲ್ಲ ಕೊಟ್ಟು, ಮರದ ಬಿರಡೆಯ ಗಾಜಿನ ಬಾಟಲಿಯಿಂದ ನೀರು ಬಗ್ಗಿಸಿ ಕೊಡುತ್ತಿದ್ದಳು. ಲೋಟ ಕೈಗೆ ಬಂದದ್ದೇ ನನ್ನ ಮೂಗು ಅದರೊಳಗೆ ಇಳಿಯಿತು. ಪಕ್ಕದಲ್ಲಿ ಕೂತ ಹೆಂಗಸು ಮೆಲ್ಲಗೆ ಆಚೆ ಸರಿದರು.

"ಬಾವಿಯದ್ದೇ ನೀರು ಅಕ್ಕ. ಎಂತ ವಾಸನೆಯೂ ಇಲ್ಲ," ಎಂದಳು ವಿದ್ಯಾ, ಮುಖ ಸಣ್ಣ ಮಾಡಿಕೊಂಡು.

ಅವಳ ಬಾವಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಆ ಜಾತಿಯ ಬಾಟಲಿಯ ಪರಿಚಯ ನನಗೆ ಚೆನ್ನಾಗಿ ಉಂಟು.

ಮೂರು ವರ್ಷದ ಹಿಂದೆ ನನಗೆ ಅಚ್ಚುಕಟ್ಟಿನ ಹುಚ್ಚು ಹಿಡಿದಿತ್ತು. ಹಿಡಿಸಿದ್ದು ಫೋನಿನೊಳಗಿನ ಒಬ್ಬ ಹೆಂಗಸು. ಆಕೆಯ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವುದಿಲ್ಲ, ಹಾಲು ಉಕ್ಕುವುದಿಲ್ಲ. ಬಹುಶಃ ಅಡುಗೆಯೂ ಆಗುವುದಿಲ್ಲ. ಮನೆಯಲ್ಲಿ ಸಾಮಾನು ಕಡಿಮೆಯಾಗಬೇಕು ಎಂಬುದು ಆಕೆಯ ಉಪದೇಶ. ಅದಕ್ಕಾಗಿ ನಾನು ಪುತ್ತೂರಿಗೆ ಹೋಗಿ ಒಂದು ಕಾರು ತುಂಬ ಸಾಮಾನು ತಂದೆ: ಒಂದೇ ಅಳತೆಯ ಡಬ್ಬಿಗಳು, ಒಂದೇ ಬಣ್ಣದ ಬುಟ್ಟಿಗಳು, ಮರದ ಬಿರಡೆಯ ಒಂದು ಡಜನ್ ಬಾಟಲಿಗಳು. ಅತ್ತೆ ಅವನ್ನೆಲ್ಲ ಇಳಿಸುವುದನ್ನು ನೋಡುತ್ತ ನಿಂತಿದ್ದರು.

"ಇದೆಲ್ಲ ಎಂತದಕ್ಕೆ?"

"ಮನೆ ಖಾಲಿ ಕಾಣ್ಲಿಕ್ಕೆ ಅತ್ತೆ."

"ಓಹೋ," ಎಂದರು. ನಮ್ಮ ಅತ್ತೆಯ 'ಓಹೋ' ಎಂದರೆ ಒಂದು ಇಡೀ ವಿಮರ್ಶಾ ಲೇಖನ.

ನೆಟ್ಟಣದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಿಂದೆ ರಬ್ಬರ್ ತೋಟ. ಅತ್ತೆಯ ಅತ್ತೆಯ ಕಾಲದಲ್ಲಿ ಅಡುಗೆ ಕೋಣೆಯಲ್ಲಿ ಇದ್ದದ್ದೇ ನಾಲ್ಕು ಭರಣಿಯಂತೆ. ಒರೆಸಿ ಇಟ್ಟರೆ ಮನೆ ಚೊಕ್ಕ. ಬಡತನದಷ್ಟು ಅಚ್ಚುಕಟ್ಟು ಇನ್ನಾವುದೂ ಇಲ್ಲ. ಅತ್ತೆಯ ಕಾಲಕ್ಕೆ ಸಾಮಾನು ಬಂತು. ಆದರೆ ಕಪಾಟು ಬರಲಿಲ್ಲ. ಹಾಗಾಗಿ ಅವರು ಗೋಡೆಗೆ ಮೊಳೆ ಹೊಡೆದರು. ಒಂದರಲ್ಲಿ ಸೌತೆಬೀಜದ ಗಂಟು, ಇನ್ನೊಂದರಲ್ಲಿ ಕತ್ತಿ, ಮತ್ತೊಂದರಲ್ಲಿ ಕರೆಂಟು ಬಿಲ್ಲು. ಎಲ್ಲಕ್ಕಿಂತ ನನ್ನ ಕಣ್ಣಿಗೆ ಚುಚ್ಚುತ್ತಿದ್ದದ್ದು ಹಿತ್ತಿಲ ರಬ್ಬರ್ ಶೆಡ್ಡಿನಲ್ಲಿ ನೇತಾಡುತ್ತಿದ್ದ ಒಂದು ಕ್ಯಾನು. ರಬ್ಬರ್ ಹಾಲು ಗಟ್ಟಿಯಾಗಲು ಹಾಕುವ ಆಸಿಡ್ ಅದರೊಳಗೆ ಇತ್ತು. ಮಸಿ ಹಿಡಿದ, ಕುತ್ತಿಗೆಗೆ ಕರಿ ಚಿಂದಿ ಸುತ್ತಿದ ಅದನ್ನು ಮಾಡಿನ ಪಕ್ಕಾಸಿನ ಮರಕ್ಕೆ ಹುರಿಹಗ್ಗದಲ್ಲಿ ಕಟ್ಟಿದ್ದರು. ನೋಡಿದರೆ ಯಾರೋ ನೇಣು ಹಾಕಿಕೊಂಡ ಹಾಗೆ.

"ಅದನ್ನೊಂದು ಚಂದ ಮಾಡುವ ಅತ್ತೆ."

"ಅದು ಚಂದ ಇರುದು ಬೇಡ."

ನಾನು ರಸಾಯನಶಾಸ್ತ್ರ ಓದಿದವಳು. ಸುಮ್ಮನಿರಲು ಬರುತ್ತದೆಯೇ? ಇದರ ಹೆಸರು ಫಾರ್ಮಿಕ್ ಆಸಿಡ್, ಇರುವೆ ಕಚ್ಚಿದಾಗ ಉರಿಯುವುದೂ ಇದೇ ವಸ್ತುವಿನಿಂದ ಎಂದು ಅವರಿಗೆ ಪಾಠ ಮಾಡಿದೆ. "ಗೊತ್ತಿದ್ದೂ ಇರುವೆಯನ್ನು ಮೈಮೇಲೆ ಬಿಟ್ಕೊಳ್ತೀಯಾ ಮಾರಾಯ್ತಿ?" ಎಂದು ಕೇಳಿ ಅವರು ದನಕ್ಕೆ ಹುಲ್ಲು ಹಾಕಲು ಹೋದರು.

ಮರುದಿನ ಬೆಳಗ್ಗೆ ಕ್ಯಾನು ಇಳಿಸಿದೆ. ಚಿಂದಿಯನ್ನು ಒಲೆಗೆ ಹಾಕಿದೆ. ಪ್ರಯೋಗಾಲಯದಲ್ಲಿ ಕಲಿತ ಹಾಗೆ ಕೈಗವಸು ತೊಟ್ಟು, ಒಂದು ಹನಿ ಚೆಲ್ಲದೆ, ಆಸಿಡನ್ನು ಹೊಸ ಬಾಟಲಿಗೆ ತುಂಬಿದೆ. ಚೀಟಿ ಅಂಟಿಸಿದೆ. 'ಆಸಿಡ್' ಎಂದು ದೊಡ್ಡದಾಗಿ ಬರೆದರೆ ಸಾಲಿನ ಅಂದ ಕೆಡುತ್ತದೆಂದು ಸಣ್ಣ ಅಕ್ಷರದಲ್ಲಿ 'ಫಾ.ಆ.' ಎಂದಷ್ಟೇ ಬರೆದೆ. ಅತ್ತೆಗೆ ಶೆಡ್ಡಿನವರೆಗೆ ನಡೆಯುವ ಕಷ್ಟ ತಪ್ಪಲಿ ಎಂದು ಹಿಂಬದಿ ಜಗಲಿಯ ಹಲಗೆಯ ಮೇಲೆ, ಎಳ್ಳೆಣ್ಣೆ, ತೆಂಗಿನೆಣ್ಣೆ, ಮಾವನ ಕುಡಿಯುವ ನೀರು, ಇವುಗಳ ಸಾಲಿನಲ್ಲಿ ಕೊನೆಯದಾಗಿ ಇಟ್ಟೆ. ಹೌದು, ಮಾವನ ಚೆಂಬನ್ನೂ ಅಟ್ಟಕ್ಕೆ ಹಾಕಿ ನೀರನ್ನು ಬಾಟಲಿಗೆ ತುಂಬಿದ್ದೆ. ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಕಳಿಸಿದೆ. ಹೆಬ್ಬೆರಳುಗಳ ಮಳೆಯೇ ಬಂತು.

ಮಾವ ಯಾವ ಪಾತ್ರೆಗೂ ತುಟಿ ತಾಗಿಸುವವರಲ್ಲ. ಎಂಜಲಾಗಬಾರದೆಂದು ಮೇಲೆತ್ತಿ, ಒಂದು ಗೇಣು ಎತ್ತರದಿಂದ ನೇರ ಗಂಟಲಿಗೆ ಬಿಟ್ಟುಕೊಳ್ಳುವುದು. ನೋಡಲಿಕ್ಕೆ ಬಹಳ ಶುದ್ಧವಾದ ಪದ್ಧತಿ. ಆದರೆ ಹಾಗೆ ಕುಡಿಯುವವನಿಗೆ ರುಚಿ ಗೊತ್ತಾಗುವುದು ನುಂಗಿದ ಮೇಲೆ. ಮೂಗಂತೂ ನಶ್ಯ ಎಳೆದೂ ಎಳೆದೂ ಅವರ ಪಾಲಿಗೆ ಎಂದೋ ತೀರಿಹೋಗಿತ್ತು.

ಹತ್ತು ಗಂಟೆಯ ಹೊತ್ತು. ನಾನು ಅಂಗಳದಲ್ಲಿದ್ದೆ. ಶೆಡ್ಡು ಗುಡಿಸಲು ಹೋದ ಅತ್ತೆ ಹಿಡಿಸೂಡಿ ಹಿಡಿದುಕೊಂಡೇ ವಾಪಸು ಬಂದರು.

"ಕ್ಯಾನು ಎಲ್ಲಿ ಉಂಟು?"

"ಜಗಲಿಯಲ್ಲಿ ಇಟ್ಟಿದ್ದೇನೆ ಅತ್ತೆ, ಸಾಲಿನಲ್ಲಿ," ಎಂದೆ, ಹೊಗಳಿಕೆಗೆ ಕಾಯುವ ದನಿಯಲ್ಲಿ.

ಇಬ್ಬರೂ ಜಗಲಿಯತ್ತ ತಿರುಗಿದೆವು. ತೋಟದಿಂದ ಬಂದ ಮಾವ, ಕನ್ನಡಕವಿಲ್ಲದೆ, ಕೊನೆಯ ಬಾಟಲಿಯ ಬಿರಡೆ ಕಿತ್ತು, ತಲೆ ಹಿಂದೆ ವಾಲಿಸಿ, ಕೈ ಮೇಲೆತ್ತಿದ್ದರು.

ಇದೊಂದು ನನ್ನೊಳಗೆ ಇನ್ನೂ ಮುಗಿದಿಲ್ಲ. ಒಗ್ಗರಣೆ ಹಾಕುವಾಗ, ಬಸ್ಸಿಗೆ ಕಾಯುವಾಗ, ಬಾಟಲಿ ವಾಲುತ್ತಲೇ ಇರುತ್ತದೆ. ಒಳಗಿನದು ಗಾಜಿನ ಕುತ್ತಿಗೆಯವರೆಗೆ ಬಂದು ಹೊಳೆಯುತ್ತದೆ. ನನ್ನಿಂದ ಅವರಿಗೆ ಹನ್ನೊಂದು ಹೆಜ್ಜೆ. ಆಮೇಲೆ ಎಷ್ಟೋ ಸಲ ಅಳೆದಿದ್ದೇನೆ. ನಾನು ಒಂದನ್ನೂ ಇಡಲಿಲ್ಲ. "ಮಾವಾ, ಅದು ಫಾರ್... ಫಾರ್..." ಎಂದು ತೊದಲಿದೆ. ಸಾಯುವವನಿಗೆ ವಿಷದ ಶಾಸ್ತ್ರೀಯ ಹೆಸರು ತಿಳಿಸುವ ತವಕ ನನ್ನದು! ಪದವಿಯಿಂದ ನನಗೆ ಆದ ಪ್ರಯೋಜನ ಅಷ್ಟು.

ಅತ್ತೆ ಹಿಡಿಸೂಡಿ ಬೀಸಿ ಎಸೆದರು. ಅದು ಮಾವನ ಕೈಗೂ ಕೆನ್ನೆಗೂ ಒಟ್ಟಿಗೆ ಬಡಿಯಿತು. ಬಾಟಲಿ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ಗಲ್ಲಕ್ಕೂ ಎದೆಗೂ ಹಾರಿದ್ದು ಹಾರಿತು. ಅತ್ತೆ ಅವರನ್ನು ದರದರ ಎಳೆದು ನಲ್ಲಿಯ ಕೆಳಗೆ ಕೂರಿಸಿದರು. ನೀರು ಬಿಟ್ಟರು, ನಿಲ್ಲಿಸಲೇ ಇಲ್ಲ. ಕಡಬದ ಡಾಕ್ಟರು ಗಲ್ಲ ನೋಡಿ, ಬಾಯಿ ನೋಡಿ, "ಒಂದು ಗುಟುಕು ಒಳಗೆ ಹೋಗಿದ್ರೆ ನನ್ನ ಹತ್ರ ತರುವ ಕೆಲಸವೇ ಇರ್ಲಿಲ್ಲ," ಎಂದರು.

"ರಬ್ಬರ್ ಹಾಲಿಗೆ ಹಾಕುವಾಗ ಕೈಜಾರಿ ಹಾರಿತು," ಎಂದರು ಮಾವ. ಎಲ್ಲರಿಗೂ ಹಾಗೆಯೇ ಹೇಳಿದರು. ಹೆಂಡತಿಯ ಹಿಡಿಸೂಡಿ ಕೆನ್ನೆಗೆ ಬಿದ್ದದ್ದು ಊರಿಗೆ ತಿಳಿಯುವುದಕ್ಕಿಂತ ಸುಟ್ಟ ಗಲ್ಲ ವಾಸಿ. ಜೀವ ಉಳಿಸಿದ ತಪ್ಪಿಗೆ ಅತ್ತೆಯೊಡನೆ ಒಂದು ವಾರ ಮಾತು ಬಿಟ್ಟರು. ನನ್ನ ಹತ್ತಿರ ಮಾತ್ರ ಎಂದಿನಂತೆ ಕಾಫಿ ಕೇಳುತ್ತಿದ್ದರು. ನಾನೂ ಕೊಡುತ್ತಿದ್ದೆ. ಬಾಯಿ ಬಿಡಲಿಲ್ಲ. ನೆಂಟರು ಸಿಕ್ಕಲ್ಲೆಲ್ಲ "ಇಷ್ಟು ವರ್ಷ ರಬ್ಬರ್ ಮಾಡಿ ಆಸಿಡ್ ಹಿಡೀಲಿಕ್ಕೆ ಬರುದಿಲ್ವಾ ಮಾರಾಯಾ?" ಎಂದು ಅವರನ್ನು ಗೇಲಿ ಮಾಡುವಾಗ ನಾನು ಪಾಯಸ ಬಡಿಸುತ್ತಿದ್ದೆ. ಗ್ರೂಪಿನ ಆ ಫೋಟೋವನ್ನೂ ಅಳಿಸಲಿಲ್ಲ. ಅಷ್ಟೊಂದು ಹೆಬ್ಬೆರಳು ಬಿದ್ದಿತ್ತಲ್ಲ.

ಮೊನ್ನೆ ಕುಂಬ್ರದಲ್ಲಿ, ನಾನು ನೀರು ಮೂಸಿದ ಬೇಸರ ಮರೆತು, ವಿದ್ಯಾ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

"ಬನ್ನಿ ಅಕ್ಕ, ಇದೆಲ್ಲ ನಿಮ್ಮದೇ. ನಿಮ್ಮ ಆ ಫೋಟೋ ನೋಡಿಯೇ ಜೋಡಿಸಿದ್ದು."

ಅಡುಗೆಮನೆಯ ಆಚೆ ಜಗಲಿ, ಜಗಲಿಯಲ್ಲಿ ಹಲಗೆ, ಹಲಗೆಯ ಮೇಲೆ ಸಾಲು. ಒಕ್ಕಲಿಗೆ ಬಂದ ಮಕ್ಕಳು ಅದರ ಬುಡದಲ್ಲೇ ಓಡಾಡುತ್ತಿದ್ದವು. ಇವರಿಗೂ ರಬ್ಬರ್ ಉಂಟು.

"ವಿದ್ಯಾ, ನಿಮ್ಮ ಆಸಿಡ್ ಎಲ್ಲಿ ಇಡುದು?"

"ಅದೇ ಅಕ್ಕ," ಎಂದು ನಕ್ಕಳು. "ಕೊನೆಯದ್ದು."

ನಾನು ಆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದೆ. ಚಪ್ಪರದಲ್ಲಿ ಜನ ಊಟಕ್ಕೆ ಕೂತಾಗಿತ್ತು. ಮಾವನೂ ಇದ್ದರು, ಅತ್ತೆಯೂ ಇದ್ದರು. ಎಲ್ಲರೆದುರು ನಿಂತು ಹೇಳಿದೆ, ತುಂಬಿದವಳು ನಾನು, ಇಟ್ಟವಳು ನಾನು, ಮಾವನ ಕೈ ಜಾರಲೇ ಇಲ್ಲ ಎಂದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹೇಗೆ ಬದುಕಿದರು ಎಂದು ಯಾರೋ ಕೇಳಿದರು. ಹಿಡಿಸೂಡಿಯನ್ನೂ ಹೇಳಿದೆ.

"ಹಿಡಿಸೂಡಿಯಾ? ಕೆನ್ನೆಗಾ?" ಎಂದರು ಮಾವನ ತಂಗಿ, ಸೆರಗಿನಲ್ಲಿ ಬಾಯಿ ಮುಚ್ಚಿ. ಪಂಕ್ತಿಯ ಉದ್ದಕ್ಕೂ ನಗು ಹಬ್ಬಿತು. ಮಾವನ ಕಿವಿ ಕೆಂಪಾಯಿತು. ಎಲೆಯ ಮೇಲೆ ನೀರು ಚಿಮುಕಿಸಿ, ಯಾರ ಮುಖವನ್ನೂ ನೋಡದೆ, "ಹೌದು. ಅನ್ನ ಬರ್ಲಿ," ಎಂದರು. ವಿದ್ಯಾಳ ಗಂಡ ಬಾಟಲಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಶೆಡ್ಡಿನ ಕಡೆ ಹೋದ.

ಎರಡು ದಿನ ಆಯಿತು. ಮಾವ ನನ್ನೊಡನೆ ಮಾತಾಡುತ್ತಿಲ್ಲ. ಇಂದು ಬೆಳಗ್ಗೆ ನಾನೇ ಜಗಲಿಗೆ ಹೋಗಿ, "ಮಾವ, ದೋಸೆ ಆಗಿದೆ," ಎಂದೆ. ಮುಖಕ್ಕೆ ಅಡ್ಡ ಹಿಡಿದ ಪೇಪರು ಅಲುಗಲಿಲ್ಲ. ಒಳಗಿನಿಂದ ಅತ್ತೆ, "ಕೇಳ್ತದಾ, ದೋಸೆ ತಣಿತದೆ," ಎಂದರು.

"ಬಂದೆ ಮಾರಾಯ್ತಿ," ಎಂದು ಎದ್ದು ಒಳಗೆ ಹೋದರು.