ಮೀನಿನ ಹಿಂದೆ ಅವ್ವನ ಖಣ

ಕತ್ತಲೆ ಕೋಣೆಯಿಂದ ಹಸಿ ಪಟವನ್ನು ಹೊರತಂದು ನೋಡಿದರೆ ಗಾಜಿನ ಜಾಡಿ ಇದೆ, ನೀರಿದೆ, ಮೀನೇ ಇಲ್ಲ! ಯುದ್ಧದ ದಿನಗಳು, ಹುಬ್ಬಳ್ಳಿಯೆಲ್ಲ ಹುಡುಕಿ ತಂದ, ಫೋಟೋ ತೆಗೆಯುವ ಒಂದೇ ಒಂದು ಗಾಜಿನ ಪ್ಲೇಟಿನಲ್ಲಿ ತೆಗೆದದ್ದು ಅದು. ಉಣಕಲ್ ಕೆರೆಯಿಂದ ಮೈತುಂಬ ಕಪ್ಪು ಪಟ್ಟಿಗಳಿದ್ದ ಪುಟ್ಟ ಮೀನು ತಂದು, ಅಂಗಳದ ಬಿಸಿಲಲ್ಲಿ ಫೋಟೋ ತೆಗೆದು, ಆಗಲೇ ಕೆರೆಗೆ ಬಿಟ್ಟೂ ಬಂದಿದ್ದೆ.

ಕ್ಯಾಮೆರಾ ಹೂಡುವಾಗ ಅವ್ವ, "ಫೋಟೋ ಅಂದಮ್ಯಾಲೆ ಹಿಂದ ಬರೇ ಗ್ವಾಡಿ ಇರಬಾರದಪಾ" ಎಂದು ತನ್ನ ಕುಪ್ಪಸದ ಹೊಸ ಖಣವನ್ನು ಜಾಡಿಯ ಹಿಂದೆ ಇಳಿಬಿಟ್ಟಿದ್ದಳು. ಅದರ ಕೆಂಪು ಪಟ್ಟಿಗಳು ಕಪ್ಪು-ಬಿಳುಪು ಪಟದಲ್ಲಿ ಕಪ್ಪಾಗಿ ಬಿದ್ದು, ಮೀನಿನ ಪಟ್ಟಿಗಳೊಂದಿಗೆ ಒಂದಾಗಿದ್ದವು.

ಸಿಟ್ಟಿನಿಂದ ಪಟವನ್ನು ಅವಳ ಮುಂದೆ ಹಿಡಿದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, ಒಂದು ಕಡೆ ಬೆರಳಿಟ್ಟಳು. "ಇಲ್ಲೇ ಐತಲ್ಲೋ, ಕಣ್ಣು ಬಿಟ್ಟು ನಿನ್ನ ನೋಡಾಕತ್ತೈತಿ!"

ಜೊಂಡಿನ ನಡುವೆ ಕೊಕ್ಕರೆಗೆ ಕಾಣದೆ ಬದುಕುವ ಮೀನು ನನ್ನ ಕ್ಯಾಮೆರಾದಿಂದಲೂ ಹಾಗೇ ತಪ್ಪಿಸಿಕೊಂಡಿತ್ತು. ಆ ಪಟಕ್ಕೆ ಚೌಕಟ್ಟು ಹಾಕಿಸಿದ್ದೇನೆ. ಬಂದವರು "ಖಣದ ಪಟ ಯಾಕ್ರಿ?" ಎಂದರೆ ಅವ್ವ, "ಮೀನಿನ ಪಟರಿ, ಹುಡುಕ್ರಿ" ಎಂದು ಎದುರಿಗೆ ಕೂಡುತ್ತಾಳೆ. ಮೀನಿನ ಕಣ್ಣು ಸಿಕ್ಕ ಮೇಲೆಯೇ ಚಹಾ.