ಮೀನಾಕ್ಷಮ್ಮನ ಮಿಲ್ಟ್ರಿ ವಾಚು

ಪಂಚನಹಳ್ಳಿಯ ಮಹೇಂದ್ರ ಹದಿನೆಂಟು ವರ್ಷ ಮಿಲ್ಟ್ರಿಯಲ್ಲಿ ಸವೆದ ಹವಾಲ್ದಾರ. ಗುಂಡು, ಹಿಮ, ಮೇಜರ್ ಸಾಹೇಬರ ಹೆಂಡತಿ, ಎಲ್ಲರನ್ನೂ ಎದುರಿಸಿದ್ದ ಪುಣ್ಯಾತ್ಮ ಕೊನೆಗೆ ಹೆದರಿದ್ದು ಒಂದು ವಾಚಿಗೆ. ಹೆಸರಿಗೆ ವಾಚು, ಕೆಲಸ ಚಾಡಿ ಹೇಳೋದು. ಎಷ್ಟು ನಡೆದ, ಎಷ್ಟು ಮಲಗಿದ, ಎದೆ ಹೆಂಗೆ ಬಡಿದುಕೊಂಡಿತು ಅನ್ನೋದನ್ನೆಲ್ಲ ಅವನ ಫೋನಿನ ಮೂಲಕ ಯೂನಿಟ್ಟಿನ ಡಾಕ್ಟರ್ ಕ್ಯಾಪ್ಟನ್ನರಿಗೆ ಮುಟ್ಟಿಸುತ್ತಿತ್ತು. ರಜೆಯಲ್ಲೂ ಬಿಚ್ಚುವ ಹಾಗಿಲ್ಲ ಅಂತ ಆರ್ಡರು. ಅಲ್ಲಾ ಸ್ವಾಮಿ, ದೇಶಕ್ಕೆ ಪ್ರಾಣ ಕೊಡ್ತೀನಿ ಅಂದವನು ಗೊರಕೆ ಲೆಕ್ಕಾನೂ ಕೊಡಬೇಕಾ? ಕೊಡದಿದ್ದರೆ ಈ ವರ್ಷ ಬರಬೇಕಾದ ನಾಯಬ್ ಸುಬೇದಾರ್ ಬಡ್ತಿಗೆ ಕುತ್ತು.

ರಜೆಗೆ ಬಂದವನನ್ನು ನೆಂಟರು ಬಿಡುತ್ತಾರಾ? ಅಜ್ಜಂಪುರದ ಅಕ್ಕನ ಮನೇಲಿ ಕೋಳಿ, ದೇವನೂರಿನ ಮಾವನ ಮನೇಲಿ ಮರಿ ಊಟ. ತಿಂದು ಬಂದು ಅಡ್ಡಾದರೆ ದೀಪ ಹಚ್ಚೋ ಹೊತ್ತಿಗೇ ಏಳೋದು. ಮೂರನೇ ದಿನ ಕ್ಯಾಪ್ಟನ್ ಫೋನು. ದಿನಕ್ಕೆ ಒಂಬೈನೂರು ಹೆಜ್ಜೆಯೇನೋ, ನೀನೇನು ಬಾಣಂತಿಯಾ ಅಂತ ಹಿಂದಿಯಲ್ಲಿ ಝಾಡಿಸಿದರು.

ಆಗ ಮಹೇಂದ್ರನ ಕಣ್ಣು ಅವ್ವನ ಮೇಲೆ ಬಿತ್ತು. ಮೀನಾಕ್ಷಮ್ಮನಿಗೆ ಅರವತ್ತಾರು. ಕೊಟ್ಟಿಗೆ ಬಾಚಿ, ಡೈರಿಗೆ ಹಾಲು ಹಾಕಿ, ತೋಟಕ್ಕೆ ಹೋಗಿ ಬೋರು ಆನ್ ಮಾಡಿ, ಬಿದ್ದ ತೆಂಗಿನ ಗರಿ ಎಳೆದು ತರುವ ಹೆಂಗಸು. ಆಕೆ ಕೂತದ್ದನ್ನು ಊರಲ್ಲಿ ಕಂಡವರಿಲ್ಲ.

"ನಿಂಗೇ ಅಂತ ತಂದಿದ್ದು ಕಣವ್ವ" ಅಂತ ಮಾನಗೆಟ್ಟವನು ಸುಳ್ಳು ಹೇಳಿ, ಬಳೆ ಪಕ್ಕದಲ್ಲಿ ವಾಚು ಕಟ್ಟಿದ. ಆಕೆ ಡೈರಿಯಲ್ಲಿ ಎಲ್ಲರಿಗೂ ತೋರಿಸಿ ಬಂದಳು.

ಮಾರನೇ ದಿನದಿಂದ ಹದಿನಾಲ್ಕು ಸಾವಿರ ಹೆಜ್ಜೆ! ಕ್ಯಾಪ್ಟನ್ ಶಭಾಷ್ ಅಂದರು. ಮಹೇಂದ್ರ ಮಗ್ಗುಲು ಬದಲಿಸಿ ಮಲಗಿದ.

ಐದು ದಿನ ಕಳೆದು ಮತ್ತೆ ಫೋನು. ಈ ಸಲ ಬೈಗುಳವೇ ಇಲ್ಲ, ದನಿ ಮೆತ್ತಗಿತ್ತು. "ಮಹೇಂದ್ರ, ನಿನ್ನ ಎದೆಬಡಿತ ಆಗಾಗ ತಪ್ತಾ ಇದೆ. ಕೂಡಲೇ ಆಸ್ಪತ್ರೆಗೆ ಹೋಗು."

ವಾಚು ಇದ್ದದ್ದು ಅವ್ವನ ಕೈಯಲ್ಲಿ! ಸಿಕ್ಕ ಬಸ್ಸು ಹತ್ತಿ ಅವ್ವನನ್ನು ಕಡೂರಿಗೆ ಕರೆದುಕೊಂಡು ಹೋದ. ಇಸಿಜಿ ತೆಗೆದರೆ ಎಲ್ಲಾ ಸರಿಯಾಗಿದೆ! "ಇದು ಬಂದು ಹೋಗೋ ಕಾಯಿಲೆ ಕಣ್ರೀ, ಒಂದು ನಿಮಿಷದಲ್ಲಿ ಸಿಕ್ಕಲ್ಲ" ಅಂದರು ಡಾಕ್ಟರು. "ಆ ವಾಚಿನ ಐದು ದಿನದ ರೆಕಾರ್ಡು ಸಿಕ್ಕರೆ ಇವತ್ತೇ ಔಷಧಿ ಕೊಡ್ತೀನಿ. ಇಲ್ಲಾಂದ್ರೆ ಬೇರೆ ಮೆಷಿನ್ ಕಟ್ಟಿ ಕಾಯ್ಬೇಕು. ಅಷ್ಟರಲ್ಲಿ ಸ್ಟ್ರೋಕ್ ಹೊಡೆದ್ರೆ ಕಷ್ಟ."

ರೆಕಾರ್ಡು ಇದ್ದದ್ದು ಯೂನಿಟ್ಟಿನಲ್ಲಿ. ವಾಚು ಕಟ್ಟಿಕೊಂಡವನಿಗೇ ಅದನ್ನು ತೋರಿಸೋದಿಲ್ಲ! ಎದೆ ನಮ್ಮದು, ಕಾಗದ ಅವರದು, ಇದ್ಯಾವ ಸೀಮೆ ನ್ಯಾಯ ಅಂತ ಮಹೇಂದ್ರ ಆಸ್ಪತ್ರೆ ಬಾಗಿಲಲ್ಲಿ ನಿಂತು ಬೈದ. ಬೈದರೆ ರೆಕಾರ್ಡು ಬರುತ್ತದಾ? ಬಾಯಿ ಮುಚ್ಚಿಕೊಂಡು ಹೋಗಿ ತನ್ನ ಎದೆಯ ಇಸಿಜಿ ತೆಗೆಸಿ ಕ್ಯಾಪ್ಟನ್ನರಿಗೆ ಕಳಿಸಿದ್ದರೆ ಪಾಸಾಗುತ್ತಿತ್ತು, ಬಡ್ತಿಯೂ ಉಳಿಯುತ್ತಿತ್ತು. ಒಳಗೆ ಬೆಂಚಿನ ಮೇಲೆ ಅವ್ವ ಸೆರಗಿನಲ್ಲಿ ವಾಚು ಒರೆಸುತ್ತ ಕೂತಿದ್ದಳು. ಅವನು ಫೋನ್ ಮಾಡಿದ.

"ಸಾರ್, ಆ ಎದೆ ನಂದಲ್ಲ. ನಮ್ಮವ್ವಂದು."

ಆ ಕಡೆಯಿಂದ ಬಂದ ಬೈಗುಳ ಬರೆಯುವಂಥದ್ದಲ್ಲ. ವಿಚಾರಣೆ ಅಂದರು, ಬಡ್ತಿ ಮರೆತುಬಿಡು ಅಂದರು. ಆದರೂ ಅರ್ಧ ಗಂಟೆಯಲ್ಲಿ ರೆಕಾರ್ಡು ಕಳಿಸಿದರು, ಆ ಮಹಾರಾಯರು. ಮೇಲ್ಗಡೆ 'ಹವಾಲ್ದಾರ್ ಮಹೇಂದ್ರ, ಗಂಡಸು, ಮೂವತ್ತೆಂಟು' ಅಂತಿತ್ತು. ಡಾಕ್ಟರು ನಕ್ಕು, ಅದನ್ನು ಹೊಡೆದುಹಾಕಿ ಮೀನಾಕ್ಷಮ್ಮನ ಹೆಸರು ಬರೆದು, ಔಷಧಿ ಶುರುಮಾಡಿದರು.

ವಾಪಸು ಬಸ್ಸಿನಲ್ಲಿ ಅವ್ವ ವಾಚು ಬಿಚ್ಚಿ ಅವನ ಕೈಗಿಟ್ಟಳು.

"ತಗಳಪ್ಪ. ಇದು ನಂಗೆ ತಂದಿದ್ದಲ್ಲ ಅಂತ ಅವತ್ತೇ ಗೊತ್ತಿತ್ತು. ನಿನ್ನ ಕೈಮೇಲೆ ಪಟ್ಟಿ ಗುರುತು ಬೆಳ್ಳಗೆ ಕಾಣ್ತಿತ್ತಲ್ಲ."

"ಮತ್ಯಾಕೆ ಕಟ್ಕಂಡೆ?"

"ಫೋನಲ್ಲಿ ಬೈಸ್ಕಂಡ ಮೇಲೇ ತಾನೆ ನಂಗೆ ಕಟ್ಟಿದ್ದು. ಹದಿನೆಂಟು ವರ್ಷ ಕಾವಲು ಕಾದಿದೀಯ. ನಾಕು ದಿನ ಕಣ್ತುಂಬ ನಿದ್ದೆ ಮಾಡ್ಲಿ ಅಂತ ಕಣೋ."

ಮಹೇಂದ್ರ ಕಿಟಕಿ ಕಡೆ ತಿರುಗಿ ವಾಚು ಕಟ್ಟಿಕೊಂಡ. ಪಂಚನಹಳ್ಳಿ ಬರೋವರೆಗೂ ಅವನ ಎದೆ ಹೆಂಗೆ ಹೊಡೆದುಕೊಂಡಿತೋ ಅದೆಲ್ಲ ಕ್ಯಾಪ್ಟನ್ನರಿಗೆ ಹೋಯ್ತು. ನೋಡ್ಕಳ್ಲಿ ಬಿಡಿ.